ಅಯಾನು ಸೂಜಿಗೆ ಮೂರು ದಾರಿ: ಏಣಿ, ಡಬ್ಬಿ, ಹಳೆಯ ಟಿ.ವಿ.

ಕೋಣೆಯ ಗಾಳಿಯಲ್ಲಿನ ಧೂಳು ಕಳೆಯಲು ಋಣ ಅಯಾನು (ಋಣ ಆವೇಶ ಹೊತ್ತ ಕಣ) ಉಗುಳುವ ಸೂಜಿಗೆ ಐದಾರು ಸಾವಿರ ವೋಲ್ಟ್ ಬೇಕು. ಅದನ್ನು ಪಡೆಯಲು ನಾನು ಮೂರು ದಾರಿ ಹಿಡಿದು ನೋಡಿದ್ದೇನೆ: ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡು, ಆವೇಶ ಕೂಡಿಡುವ ಕೆಪಾಸಿಟರುಗಳಿಂದ ವೋಲ್ಟೇಜನ್ನು ಹಂತಹಂತವಾಗಿ ಏರಿಸುವ ಏಣಿಯನ್ನು ಕೈಯಾರೆ ಕಟ್ಟುವುದು, ಎಪಾಕ್ಸಿ (ಗಟ್ಟಿಯಾಗುವ ಅಂಟು) ತುಂಬಿ ಮುಚ್ಚಿದ ಸಿದ್ಧ ಹೈವೋಲ್ಟೇಜ್ ಡಬ್ಬಿ ತರಿಸುವುದು, ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ.ಯಲ್ಲಿ ಅತಿ ಹೆಚ್ಚಿನ ವೋಲ್ಟೇಜ್ ಕೊಡುವ ಇ.ಎಚ್.ಟಿ. ಟ್ರಾನ್ಸ್‌ಫಾರ್ಮರನ್ನು ಬಳಸುವುದು. ನನ್ನ ಮತ ಏಣಿಗೆ. ಡಬ್ಬಿ ಅಗ್ಗ, ಬೆಂಕಿಪೊಟ್ಟಣದಷ್ಟೇ ಚಿಕ್ಕದು, ಎರಡು ತಂತಿ ಜೋಡಿಸಿದರೆ ಕೆಲಸ ಮುಗಿಯಿತು. ಆದರೂ ಏಣಿಗೇ.

ಟಿ.ವಿ.ಯದನ್ನು ಬೇಗ ಮುಗಿಸಿಬಿಡುತ್ತೇನೆ. ಆ ಟಿ.ವಿ.ಗಳ ಕೊನೆಯ ವರ್ಷಗಳ ಇ.ಎಚ್.ಟಿ.ಗಳೊಳಗೆ ಡಯೋಡು ಕೂಡಿಯೇ ಬರುತ್ತದೆ, ಅದರ ಕೆಂಪು ತಂತಿಯಲ್ಲಿ ಸಿಗುವುದು ಧನ ವೋಲ್ಟೇಜ್. ನಮಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ. ಮೇಲಾಗಿ ಅದು ಕೊಡುವ 20 ಸಾವಿರ ವೋಲ್ಟ್ ಎಂದರೆ ಕೋಣೆಯ ತುಂಬಾ ಓಝೋನಿನ ಘಾಟು. ಗುಜರಿಯವನಿಗೇ ಇರಲಿ.

ಡಬ್ಬಿಯ ಕಾಟ ಬೇರೆ ತರಹದ್ದು. ಕರೆಂಟು ಹೋದಾಗಲೂ ನಡೆಯಲಿ ಎಂದು ಅದನ್ನು ಪವರ್ ಬ್ಯಾಂಕಿಗೆ ಹಾಕಿದೆ. ಪರೀಕ್ಷೆಗೆ ಗಾಜಿನ ಜಾಡಿಯೊಳಗೆ ಊದುಬತ್ತಿಯ ಹೊಗೆ ತುಂಬಿಸಿ ಸೂಜಿಯನ್ನು ಇಳಿಬಿಟ್ಟೆ. ಒತ್ತಿದ ಕೂಡಲೇ ಹೊಗೆ ಗಿರಗಿರನೆ ಸುತ್ತಿ ಗಾಜಿಗೆ ಅಂಟತೊಡಗಿತು. ಹಾಗೇ ನೋಡುತ್ತಿರುವಾಗ ನಿಧಾನವಾಯಿತು, ಆಮೇಲೆ ನಿಂತೇಹೋಯಿತು. ದೀಪ ಉರಿಯುತ್ತಿದೆ, ಬ್ಯಾಟರಿ ತುಂಬಿದೆ, ಹೊಗೆ ಮಾತ್ರ ಕದಲುತ್ತಿಲ್ಲ. ಪವರ್ ಬ್ಯಾಂಕಿನ ಲೋಹದ ಮೈಯನ್ನು ಮುಟ್ಟಿದರೆ ಬೆರಳಿಗೆ ಸಣ್ಣದಾಗಿ ಚುಚ್ಚಿತು, ಜಾಡಿಯಲ್ಲಿ ಹೊಗೆ ಮತ್ತೆ ತಿರುಗಿತು!

ಕಾರಣ ಗೊತ್ತಾದ ಮೇಲೆ ಸರಳ. ಚೂಪಾದ ತುದಿಯ ಸುತ್ತ ವಿದ್ಯುತ್ ಕ್ಷೇತ್ರ ಎಷ್ಟು ತೀವ್ರವಾಗುತ್ತದೆ ಎಂದರೆ ಅಲ್ಲಿನ ಗಾಳಿಯೇ ಒಡೆಯುತ್ತದೆ. ಎಲೆಕ್ಟ್ರಾನುಗಳು ಹೊರಬಿದ್ದು ಆಮ್ಲಜನಕದ ಅಣುಗಳಿಗೆ ಅಂಟಿಕೊಂಡು ಋಣ ಅಯಾನುಗಳಾಗಿ ಹೊರಡುತ್ತವೆ, ದಾರಿಯಲ್ಲಿ ಸಿಕ್ಕ ಧೂಳಿಗೆ ಆವೇಶ ಹಂಚಿ ಅದನ್ನು ಗೋಡೆಗೆ ತಳ್ಳುತ್ತವೆ. ಆದರೆ ಹೊರಗೆ ಹೋದ ಎಲೆಕ್ಟ್ರಾನುಗಳ ಲೆಕ್ಕ ಯಾರಾದರೂ ತುಂಬಿಕೊಡಬೇಕಲ್ಲ? ಭೂಮಿಯ ಸಂಪರ್ಕವಿಲ್ಲದ ಪವರ್ ಬ್ಯಾಂಕು, ಡಬ್ಬಿ ಎರಡೂ ಒಟ್ಟಾಗಿ ಧನ ಆವೇಶ ಪಡೆಯುತ್ತಾ ಮೇಲೇರುತ್ತವೆ. ಅವು ಮೇಲೇರಿದಷ್ಟೂ ಸೂಜಿಗೂ ಕೋಣೆಗೂ ನಡುವಿನ ವೋಲ್ಟೇಜ್ ಕುಗ್ಗುತ್ತದೆ, ಕೊನೆಗೆ ಅಯಾನು ಹೊರಡುವುದೇ ನಿಲ್ಲುತ್ತದೆ. ಎರಡು ಪಿನ್ನಿನ ಅಡಾಪ್ಟರಿಗೆ ಹಾಕಿದರೂ ನನ್ನಲ್ಲಿ ಇದೇ ರೋಗ, ಸ್ವಲ್ಪ ಸೌಮ್ಯವಾಗಿ. ಡಬ್ಬಿಗೆ ವಿದ್ಯುತ್ ತರುವ ಎರಡು ತಂತಿಗಳಲ್ಲಿ ಮೈನಸ್ಸಿನದರಿಂದ ಸಾಕೆಟ್ಟಿನ ಅರ್ಥಿಂಗಿಗೆ ಒಂದು ತಂತಿ ಎಳೆದ ಮೇಲೆ ಸರಿಹೋಯಿತು. ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ ಇದರ ಒಂದು ಸಾಲೂ ಇರಲಿಲ್ಲ. ಅರ್ಥಿಂಗ್ ಎಳೆಯಲೇಬೇಕು ಎಂದಾದರೆ ಎಲ್ಲಿಗೆ ಬೇಕಾದರೂ ಒಯ್ಯಬಹುದೆಂಬ ಅದರ ಹೆಚ್ಚುಗಾರಿಕೆ ಎಲ್ಲಿ ಉಳಿಯಿತು?

ಇನ್ನು ಏಣಿ. ಭೌತವಿಜ್ಞಾನಿಗಳಾದ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ 1932ರಲ್ಲಿ ಲಿಥಿಯಂ ಪರಮಾಣುವಿನ ಬೀಜವನ್ನು ಒಡೆಯಲು ಬಳಸಿದ್ದು ಇದೇ ಜಾತಿಯ ಸರ್ಕ್ಯೂಟು. ಒಂದು ಹಂತಕ್ಕೆ ಎರಡು ಡಯೋಡು, ಎರಡು ಕೆಪಾಸಿಟರು. ಎ.ಸಿ. ಅಲೆಯ ಒಂದು ಅರ್ಧದಲ್ಲಿ ಒಂದು ಕೆಪಾಸಿಟರು ತುಂಬುತ್ತದೆ, ಇನ್ನೊಂದು ಅರ್ಧದಲ್ಲಿ ಅದು ತನ್ನಲ್ಲಿದ್ದುದನ್ನು ಮೇಲಿನದಕ್ಕೆ ದಾಟಿಸುತ್ತದೆ. ಪ್ರತಿ ಹಂತವೂ ಅಲೆಯ ಶಿಖರ ವೋಲ್ಟೇಜಿನ ಎರಡರಷ್ಟನ್ನು ಸೇರಿಸುತ್ತದೆ. ಡಯೋಡುಗಳ ದಿಕ್ಕು ತಿರುಗಿಸಿದರೆ ಏಣಿಯ ತುದಿಯಲ್ಲಿ ಋಣ ವೋಲ್ಟೇಜ್.

230 ವೋಲ್ಟಿಗೆ ನೇರವಾಗಿ ಜೋಡಿಸುವ ನಕ್ಷೆಗಳು ಬೇಕಾದಷ್ಟಿವೆ. ಅವನ್ನು ನಾನು ಒಪ್ಪುವುದಿಲ್ಲ. ಏಣಿಯ ಬುಡ ನ್ಯೂಟ್ರಲ್‌ಗೆ ಬರಬೇಕು. ನಮ್ಮ ಹಳೆಯ ಮನೆಯ ಸಾಕೆಟ್ಟುಗಳಲ್ಲಿ ಫೇಸು, ನ್ಯೂಟ್ರಲ್ ಅದಲುಬದಲಾಗಿರುವುದು ಟೆಸ್ಟರ್ ಇಟ್ಟರೆ ತಿಳಿಯುತ್ತದೆ. ಅಲ್ಲಿ ಪ್ಲಗ್ ಚುಚ್ಚಿದರೆ ಏಣಿಯ ಬುಡಕ್ಕೇ ಫೇಸು. ಅದಕ್ಕಾಗಿ ನಾನು 12 ವೋಲ್ಟಿನ ಎರಡು ಟ್ರಾನ್ಸ್‌ಫಾರ್ಮರುಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದೆ: ಮೊದಲನೆಯದು 230ನ್ನು 12ಕ್ಕೆ ಇಳಿಸುತ್ತದೆ, ಎರಡನೆಯದು ತಿರುಗುಮುರುಗಾಗಿ ಮತ್ತೆ ಏರಿಸುತ್ತದೆ. ನಷ್ಟ ಕಳೆದು ಸಿಕ್ಕಿದ್ದು ಸುಮಾರು 190 ವೋಲ್ಟ್. ಈಗ ಏಣಿಯ ಬುಡವನ್ನು ಧೈರ್ಯವಾಗಿ ಅರ್ಥಿಂಗಿಗೆ ಕಟ್ಟಬಹುದು, ಡಬ್ಬಿಯಲ್ಲಿ ಕಾಡಿದ ತೊಂದರೆಯೂ ಇಲ್ಲ. 190 ವೋಲ್ಟಿನ ಅಲೆಯ ಶಿಖರ ಸುಮಾರು 269, ಹಂತಕ್ಕೆ 538, ಹನ್ನೆರಡು ಹಂತಕ್ಕೆ ಕಾಗದದ ಮೇಲೆ ಸುಮಾರು 6,450. 1000 ವೋಲ್ಟ್ ತಾಳುವ 1ಎನ್4007 ಡಯೋಡುಗಳಿಗೆ ಇದು ನಿರಾಯಾಸ.

ಕೆಪಾಸಿಟರಿನಲ್ಲಿ ಮಾತ್ರ ಜುಗ್ಗತನ ಬೇಡ. ಸೂಜಿಯಿಂದ ಒಂದು ಮೈಕ್ರೋಆಂಪಿಯರ್ ಹರಿದರೂ, 50 ಹರ್ಟ್ಸ್‌ನಲ್ಲಿ 10 ನ್ಯಾನೋಫ್ಯಾರಡಿನ (ಆವೇಶ ಕೂಡಿಡುವ ಸಾಮರ್ಥ್ಯದ ಅಳತೆ) ಕೆಪಾಸಿಟರುಗಳು ಸುಮಾರು 2,400 ವೋಲ್ಟ್ ನುಂಗಿಹಾಕುತ್ತವೆ. 100 ನ್ಯಾನೋಫ್ಯಾರಡಿನವಾದರೆ 240ರಷ್ಟೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿದರೂ ಏಣಿಯ ಖರ್ಚಿನಲ್ಲಿ ದೊಡ್ಡ ಪಾಲು ಇವುಗಳದ್ದೇ.

ಏಣಿಯ ತುದಿಗೂ ಸೂಜಿಗೂ ನಡುವೆ, ವಿದ್ಯುತ್ತಿನ ಹರಿವನ್ನು ತಡೆಯುವ 10 ಮೆಗಾಓಮಿನ ಹತ್ತು ರೆಸಿಸ್ಟರುಗಳನ್ನು ಸಾಲಾಗಿ ಹಾಕಲೇಬೇಕು. ಸೂಜಿ ಮುಟ್ಟಿದರೆ ಬರೀ ಚುಚ್ಚುವುದು ಇವುಗಳಿಂದಾಗಿ. ಏಣಿಯ ಮೆಟ್ಟಿಲುಗಳಿಗೆ ಆ ದಯೆ ಇಲ್ಲ, ಪ್ಲಗ್ ಕಿತ್ತ ಮೇಲೂ ಆವೇಶ ಕುಳಿತಿರುತ್ತದೆ. ರೆಸಿಸ್ಟರಿನ ಮೂಲಕ ಆ ಆವೇಶವನ್ನು ಇಳಿಸದೆ ಏಣಿಯ ಪೆಟ್ಟಿಗೆ ತೆರೆಯಬೇಡಿ. ಮಾಮೂಲಿ ಮಲ್ಟಿಮೀಟರನ್ನು ತುದಿಗೆ ತಾಗಿಸಿದರೆ ಮೀಟರೇ ಹೋಗುತ್ತದೆ.

ಮಲೆನಾಡಿನ ಮಳೆಗಾಲ ಏಣಿಗೆ ಶತ್ರು, ಇದನ್ನು ಮುಚ್ಚಿಡುವುದಿಲ್ಲ. ಜುಲೈನಲ್ಲಿ ದೀಪ ಆರಿಸಿ ಕಿವಿಗೊಟ್ಟರೆ ಬೋರ್ಡಿನಿಂದ ಸಣ್ಣ ಚುರುಚುರು ಸದ್ದು, ಬೆಸುಗೆಯ ಚೂಪು ಮೊನೆಗಳಲ್ಲಿ ನೇರಳೆ ಮಿಣುಕು. ಸೂಜಿಗೆ ಹೋಗಬೇಕಾದದ್ದು ಅಲ್ಲೇ ಸೋರುತ್ತಿರುತ್ತದೆ. ಬೆಸುಗೆಗಳನ್ನು ಗುಂಡಗೆ ಮಾಡಿ, ಬೆಸುಗೆಯಲ್ಲಿ ಉಳಿದ ಅಂಟು ಫ್ಲಕ್ಸನ್ನು ಸ್ಪಿರಿಟ್ಟಿನಿಂದ ಉಜ್ಜಿ, ಕರಗಿಸಿದ ಮೇಣದಲ್ಲಿ ಬೋರ್ಡನ್ನು ಮುಳುಗಿಸಿದ ಮೇಲೆ ಸದ್ದು ಅಡಗಿತು. ಡಬ್ಬಿಗೆ ಈ ತಾಪತ್ರಯವಿಲ್ಲ, ಆ ಅಂಕ ಅದಕ್ಕೇ ಸಲ್ಲಲಿ.

ಯಾವುದನ್ನು ಆರಿಸಿದರೂ ಸೂಜಿಯ ಹಿಂದಿನ ಗೋಡೆ ಕಪ್ಪಾಗುತ್ತದೆ. ಆಸ್ತಮಾ ವಾಸಿಯಾಗುತ್ತದೆ ಎಂಬ ಜಾಹೀರಾತುಗಳನ್ನು ನಂಬಬೇಡಿ. ಓಝೋನಿನ ವಾಸನೆ ಬಂದರೆ ಕೂಡಲೇ ಸ್ವಿಚ್ ಆಫ್ ಮಾಡಿ.

ಬೆಸುಗೆ ಕಡ್ಡಿ ಹಿಡಿದು ರೂಢಿಯಿಲ್ಲದವರು ಡಬ್ಬಿಯನ್ನೇ ಕೊಳ್ಳಿ, ಅರ್ಥಿಂಗ್ ತಂತಿಗೆಂದು ಇನ್ನಷ್ಟು ದುಡ್ಡು ಎತ್ತಿಡಿ. ನನಗೆ ಏಣಿಯೇ ಸರಿ: ಅದರಲ್ಲಿ ಒಂದು ಕೆಪಾಸಿಟರು ಸತ್ತರೆ ಮೇಣ ಕೆರೆದು ಅದೊಂದನ್ನೇ ಬದಲಿಸಬಹುದು. ಎಪಾಕ್ಸಿಯೊಳಗೆ ಏನು ಸತ್ತಿದೆ ಎಂದು ತಿಳಿಯುವ ದಾರಿಯೇ ಇಲ್ಲ.