ಡಾಕ್ಸಾಪ್ರಾಮ್ ಚುಚ್ಚುಮದ್ದು: ವೇಗಕ್ಕೆ ಮೆಚ್ಚುಗೆ, ಬಳಕೆಗೆ ಮಿತಿ

ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಉಲ್ಬಣಿಸಿ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ, ರೋಗಿ ಮಂಪರಿಗೆ ಜಾರತೊಡಗಿದಾಗ ಉಸಿರಾಟವನ್ನು ಚುರುಕುಗೊಳಿಸಲು ಕೊಡುವ ಔಷಧಗಳಲ್ಲಿ ಡಾಕ್ಸಾಪ್ರಾಮ್ ಮುಖ್ಯವಾದುದು. ಇದನ್ನು ಡ್ರಿಪ್ ಮೂಲಕ ರಕ್ತನಾಳಕ್ಕೇ ಹರಿಸಬೇಕು. ಮನೆಯಲ್ಲಿಟ್ಟುಕೊಂಡು ನುಂಗುವ ಮಾತ್ರೆಯಲ್ಲ.

ಕತ್ತಿನ ಎರಡೂ ಬದಿಯಲ್ಲಿ, ಕ್ಯಾರೊಟಿಡ್ ಅಪಧಮನಿ ಕವಲೊಡೆಯುವ ಜಾಗದಲ್ಲಿ, ರಕ್ತದ ಆಮ್ಲಜನಕ ಕುಸಿದರೆ ಮಿದುಳಿಗೆ ಸುದ್ದಿ ಮುಟ್ಟಿಸುವ ಪುಟ್ಟ ಅಂಗಾಂಶವಿದೆ. ಡಾಕ್ಸಾಪ್ರಾಮ್ ಮೊದಲು ಕೆಣಕುವುದು ಅದನ್ನೇ. ಕೆಲವೇ ನಿಮಿಷಗಳಲ್ಲಿ ಉಸಿರು ಆಳವಾಗುತ್ತದೆ, ರೋಗಿ ಕಣ್ಣು ಬಿಟ್ಟು ಮಾತಿಗೆ ಸಿಗುತ್ತಾನೆ. ಈ ವೇಗ ನಿಜಕ್ಕೂ ಮೆಚ್ಚತಕ್ಕದ್ದು.

ಆದರೆ ಸಿಒಪಿಡಿಯಲ್ಲಿ ಸಾಮಾನ್ಯವಾಗಿ ಮಿದುಳಿನ ಪ್ರಚೋದನೆಗೆ ಕೊರತೆಯಿರುವುದಿಲ್ಲ. ಗಾಳಿ ಸಿಕ್ಕಿಕೊಂಡು ಉಬ್ಬಿದ ಶ್ವಾಸಕೋಶವನ್ನು ಎಳೆದೆಳೆದು ಸೋತಿರುವುದು ಉಸಿರಾಟದ ಸ್ನಾಯುಗಳು. ಅವುಗಳಿಂದ ಇನ್ನಷ್ಟು ದುಡಿಸಿದರೆ ಆ ದುಡಿಮೆಯಿಂದಲೇ ಕಾರ್ಬನ್ ಡೈಆಕ್ಸೈಡ್ ಮತ್ತಷ್ಟು ಹುಟ್ಟುತ್ತದೆ. ಜೊತೆಗೆ ಬೆವರು, ನಡುಕ, ಚಡಪಡಿಕೆ, ಏರುವ ರಕ್ತದೊತ್ತಡ, ಕೆಲವರಲ್ಲಿ ಫಿಟ್ಸ್. ಗುದದ್ವಾರದ ಸುತ್ತ ಬಿಸಿಯಾದಂತಾಗುವುದೂ ಉಂಟು. ಹಿರಿಯರು ಸಂಕೋಚದಿಂದ ಇದನ್ನು ಹೇಳಿಕೊಳ್ಳುವುದಿಲ್ಲವಾದ್ದರಿಂದ ಡ್ರಿಪ್ ಹಾಕುವ ಮುನ್ನವೇ ತಿಳಿಸಿಬಿಡುವುದು ಒಳ್ಳೆಯದು. ಅಪಸ್ಮಾರವಿರುವವರಿಗೆ, ತೀವ್ರ ಹೃದ್ರೋಗವಿರುವವರಿಗೆ ಇದು ಸಲ್ಲದು. ಅಮೆರಿಕದ ಔಷಧ ಸೂಚನೆಯಂತೂ ಸಿಒಪಿಡಿಯಲ್ಲಿ ಇದರ ಬಳಕೆಯನ್ನು 2 ಗಂಟೆಗೆ ಸೀಮಿತಗೊಳಿಸಿದೆ.

ಬೈಪ್ಯಾಪ್ ಯಂತ್ರ ಇದನ್ನು ಹಿಂದಿಕ್ಕಿದ್ದು ಈ ಕಾರಣಕ್ಕೇ: ಮಾಸ್ಕ್ ಮೂಲಕ ಒತ್ತಡ ಕೊಟ್ಟು ಅದು ಸ್ನಾಯುಗಳ ಹೊರೆಯನ್ನೇ ಇಳಿಸುತ್ತದೆ. ಬ್ರಿಟನ್ನಿನ 14 ಆಸ್ಪತ್ರೆಗಳ 236 ರೋಗಿಗಳಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಸ್ಕ್ ಚಿಕಿತ್ಸೆಯಿಂದ ಆಸ್ಪತ್ರೆಯಲ್ಲಿನ ಸಾವು ಶೇ. 20ರಿಂದ 10ಕ್ಕೆ ಇಳಿಯಿತು. ಡಾಕ್ಸಾಪ್ರಾಮ್ ಪರವಾಗಿ ಇಂಥ ಪುರಾವೆ ಇಲ್ಲ.

ಇದೇ ಉದ್ದೇಶದ ಉಳಿದ ಔಷಧಗಳೂ ನಿರಾಸೆಯನ್ನೇ ತಂದಿವೆ. ಮಾತ್ರೆಯ ರೂಪದ ಅಲ್ಮಿಟ್ರಿನ್ ಅನ್ನು ನರಗಳ ಹಾನಿ ಮತ್ತು ತೂಕನಷ್ಟದ ಕಾರಣಕ್ಕೆ 2013ರಲ್ಲಿ ಯುರೋಪಿನಲ್ಲಿ ಹಿಂತೆಗೆಯಲಾಯಿತು. ಅಸೆಟಜೋಲಮೈಡ್ ಕೊಟ್ಟರೂ ವೆಂಟಿಲೇಟರ್ ಮೇಲಿನ ಅವಧಿ ಗಣನೀಯವಾಗಿ ಕಡಿಮೆಯಾಗಲಿಲ್ಲವೆಂದು ಫ್ರಾನ್ಸಿನ 2016ರ ಅಧ್ಯಯನ ತೋರಿಸಿತು.

ಹಾಗಾಗಿ ಡಾಕ್ಸಾಪ್ರಾಮ್‌ಗೆ ನಾನು ಕೊಡುವ ಸ್ಥಾನ ಚಿಕ್ಕದು: ಬೈಪ್ಯಾಪ್ ಇಲ್ಲದಾಗ, ರೋಗಿಗೆ ಮಾಸ್ಕ್ ಹೊಂದದಾಗ, ದೊಡ್ಡ ಆಸ್ಪತ್ರೆಗೆ ಸಾಗಿಸುವ ಏರ್ಪಾಡಾಗುವವರೆಗೆ ಮಾತ್ರ. ಆಗಲೂ ಪಕ್ಕದಲ್ಲಿ ಮಾನಿಟರ್ ಇರಬೇಕು, ಅಪಧಮನಿಯ ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು, ರಕ್ತದಲ್ಲಿನ ಆಮ್ಲಜನಕದ ಮಟ್ಟವನ್ನು (ಸ್ಯಾಚುರೇಶನ್) ಶೇ. 88ರಿಂದ 92ರ ನಡುವೆಯೇ ನಿಲ್ಲಿಸಬೇಕು. ಇಷ್ಟು ಸೌಕರ್ಯವಿಲ್ಲದ ವಾರ್ಡಿನಲ್ಲಿ ಇದನ್ನು ಆರಂಭಿಸುವುದು ಸರಿಯಲ್ಲ.