ನಾಲ್ಕು ದಾರಿ ಟ್ರೈ ಮಾಡ್ದೆ, ಕೈ ಹಿಡಿದಿದ್ದು ಒಂದೇ: ಹಳೇ ವಾದ್ಯ, ಹೊಸ ಬೀಟ್ ಆಲ್ಬಮ್‌ಗಳ ಹುಡುಕಾಟ

ಒಂದು ಟೈಮಲ್ಲಿ ನನ್ನ ಹೆಡ್‌ಫೋನಲ್ಲಿ ತಿರುಗಿದ್ದೇ ತಿರುಗ್ತಾ ಇತ್ತು, ಅದೇ ಹತ್ತೋ ಹನ್ನೆರಡೋ ಆಲ್ಬಮ್. ನಂಗೆ ಹುಚ್ಚಿರೋದು ಒಂದು ಥರದ ಮ್ಯೂಸಿಕ್ ಬಗ್ಗೆ, ಯಾವುದೋ ನೆಲದ ಹಳೇ ವಾದ್ಯ, ಹಳೇ ಹಾಡುಗಾರಿಕೆ ಇಟ್ಕೊಂಡು ಅದನ್ನ ರಾಕ್ ಜೊತೆಗೋ ಫಂಕ್ ಜೊತೆಗೋ ಎಲೆಕ್ಟ್ರಾನಿಕ್ ಜೊತೆಗೋ ಬೆರೆಸಿರ್ತಾರಲ್ಲ, ಅದು. ಒಳ್ಳೇದು ಸಿಕ್ಕಿದ್ರೆ ವಾರಗಟ್ಟಲೆ ಬಿಡಲ್ಲ, ಆದ್ರೆ ಸಿಗೋದೇ ಕಷ್ಟ, ಯಾಕಂದ್ರೆ ಸಿಕ್ಕಿದ್ರಲ್ಲಿ ಮುಕ್ಕಾಲು ಪಾಲು ಮೇಲೆ ಒಂದು ಕೊಳಲು ತೇಲಿಸಿ ಕೆಳಗೆ ಡ್ರಮ್ ಮಶೀನ್ ಇಟ್ಟು ಫ್ಯೂಷನ್ ಅಂತ ಹೆಸರಿಟ್ಟಿರೋವೇ. ಸರಿ, ಒಂದ್ಸಲ ನೋಡೇ ಬಿಡೋಣ ಅಂತ ಹುಡುಕೋ ದಾರಿಗಳನ್ನೇ ಪರೀಕ್ಷೆಗೆ ಹಚ್ಚಿದೆ. ನಾಲ್ಕು ದಾರಿ, ಒಂದೊಂದಕ್ಕೆ ಒಂದು ತಿಂಗಳು. ರೂಲ್ಸ್ ಎರಡೇ: ಇಷ್ಟ ಆಗುತ್ತೋ ಅನ್ಸಿದ್ದನ್ನ ಪೂರ್ತಿ ಆಲ್ಬಮ್ ಎರಡು ಸಲ ಕೇಳ್ಬೇಕು, ತಿಂಗಳು ಮುಗಿದ್ಮೇಲೆ ಯಾರೂ ನೆನಪಿಸದೇ ನಾನಾಗೇ ವಾಪಸ್ ಹೋಗಿ ಹಾಕ್ಕೊಂಡಿದ್ದು ಮಾತ್ರ ಲೆಕ್ಕಕ್ಕೆ.

ಮೊದ್ಲೇ ಒಂದು ಮಾತು. ಸರ್ಚಲ್ಲಿ ವರ್ಲ್ಡ್ ಮ್ಯೂಸಿಕ್ ಅಂತ ಹೊಡೆದು ಹುಡುಕೋದನ್ನ ನಾನು ದಾರಿ ಅಂತಾನೇ ಲೆಕ್ಕ ಹಾಕ್ಲಿಲ್ಲ. ಆ ಪದ ಮಾರಾಟದ ಹೆಸರಾಗಿದ್ದೇ 1987ರಲ್ಲಿ, ಲಂಡನ್ನಿನ ಒಂದು ಪಬ್ಬಲ್ಲಿ ಸಣ್ಣ ಸಣ್ಣ ರೆಕಾರ್ಡ್ ಕಂಪನಿಯವರು ಕೂತು ಮಾಡಿದ ಮೀಟಿಂಗಲ್ಲಿ. ಅಂಗಡಿಯವರಿಗೆ ಈ ರೆಕಾರ್ಡ್‌ಗಳನ್ನ ಯಾವ ಕಪಾಟಲ್ಲಿ ಇಡೋದು ಗೊತ್ತಾಗ್ತಿರ್ಲಿಲ್ಲ, ಅದಕ್ಕೊಂದು ಬೋರ್ಡ್ ಬೇಕಿತ್ತು, ಅಷ್ಟೇ. ಗ್ರ್ಯಾಮಿಯವರು 2020ರಲ್ಲಿ ಅದನ್ನ ಗ್ಲೋಬಲ್ ಮ್ಯೂಸಿಕ್ ಅಂತ ಮಾಡಿದ್ರು, ಬೋರ್ಡ್ ಬದಲಾಯ್ತು, ಕಪಾಟು ಅದೇ.

ಮೊದಲನೇ ತಿಂಗಳು ಆ್ಯಪಿನ ರೆಕಮೆಂಡೇಶನ್. ಯಾವ ಆ್ಯಪು ಅಂತ ಹೇಳಲ್ಲ, ಎಲ್ಲಾ ಒಂದೇ ಗರಡೀಲಿ ಪಳಗಿರೋವು. ಟಿನಾರಿವೆನ್ ಅವರ ಅಮಾನ್ ಇಮಾನ್ (2007) ಹಾಕಿ ಮುಂದಿಂದು ನೀನೇ ನೋಡ್ಕೊ ಅಂತ ಬಿಟ್ಟೆ. ಇವರು ಸಹಾರಾದ ತುವಾರೆಗ್ ಜನ, ಬ್ಯಾಂಡಿನ ಇಬ್ರಾಹಿಂ ಅಗ್ ಅಲ್ಹಬೀಬ್ ಚಿಕ್ಕವನಿದ್ದಾಗ ತಗಡಿನ ಡಬ್ಬ, ಕೋಲು, ಸೈಕಲ್ ಬ್ರೇಕ್ ವೈರಲ್ಲಿ ಗಿಟಾರ್ ಮಾಡ್ಕೊಂಡಿದ್ದ ಅನ್ನೋದು ನಿಮಗೂ ಗೊತ್ತಿರಬಹುದು. ಮೊದಲ ಮೂರು ದಿನ ಹಬ್ಬ. ಅದೇ ತುವಾರೆಗ್ ಗಿಟಾರಿನವರು, ಬೊಂಬಿನೋ ಬಂದ, ಎಂಡೂ ಮೊಕ್ತಾರ್ ಬಂದ. ವಾರ ಕಳೆಯೋಷ್ಟ್ರಲ್ಲಿ ಬರೀ ಮರಳು. ಒಂದೇ ಥರ ಗಿಟಾರು, ಒಂದೇ ಥರ ಒಂಟೆ ನಡಿಗೆ ತಾಳ, ಯಾವ ಹಾಡು ಯಾರದ್ದು ಅಂತ ಗೊತ್ತಾಗದಷ್ಟು. ತಮಾಷೆ ಏನಂದ್ರೆ ಅಮಾನ್ ಇಮಾನಲ್ಲಿ ನಂಗೆ ಹಿಡಿಸಿದ್ದು ಗಿಟಾರ್ ಅಲ್ವೇ ಅಲ್ಲ, ಹಿಂದೆ ಬರೋ ಚಪ್ಪಾಳೆ ಮತ್ತೆ ಒಬ್ಬ ಹಾಡಿದ ಸಾಲಿಗೆ ಗುಂಪು ಉತ್ತರ ಕೊಡೋ ರೀತಿ. ಅದು ಆ್ಯಪಿಗೆ ಹೇಗೆ ಗೊತ್ತಾಗ್ಬೇಕು, ಇದನ್ನ ಕೇಳಿದವರು ಇನ್ನೇನು ಕೇಳಿದ್ರು ಅನ್ನೋದಷ್ಟೇ ಅದರ ಲೆಕ್ಕ. ಆಮೇಲೆ ಕೋರಾ, ಅಂದ್ರೆ ಪಶ್ಚಿಮ ಆಫ್ರಿಕಾದ ಒಂದು ತಂತಿವಾದ್ಯ, ಅಂತ ಹೊಡೆದೆ, ನಿದ್ದೆಗೆ ಕೋರಾ ಅಂತ ಒಂದು ಪ್ಲೇಲಿಸ್ಟ್ ಬಂತು, ಹಿಂದೆ ಮಳೆ ಸೌಂಡು ಬೇರೆ. ತಲೆ ಚಚ್ಚಿಕೊಂಡೆ.

ಆದ್ರೂ ಒಂದು ಲಾಭ ಆಯ್ತು ಅಂತ ಒಪ್ಕೋಬೇಕು, ಇಬ್ಬರನ್ನ ಎದುರುಬದುರು ಇಟ್ಟು ಕೇಳೋಕೆ ಸಿಕ್ತು. ಬೊಂಬಿನೋನ ನೊಮ್ಯಾಡ್ (2013) ಮಾಡಿಸಿದ್ದು ಬ್ಲ್ಯಾಕ್ ಕೀಸ್ ಬ್ಯಾಂಡಿನ ಡ್ಯಾನ್ ಆರ್‌ಬ್ಯಾಕ್, ನ್ಯಾಶ್‌ವಿಲ್‌ನಲ್ಲಿ ರೆಕಾರ್ಡಾಗಿದ್ದು. ಕೇಳೋಕೆ ಸಖತ್ ನೀಟಾಗಿದೆ, ಡ್ರಮ್ಸ್ ಎದೆಗೆ ಬಡಿಯುತ್ತೆ, ಎರಡನೇ ಸಲಕ್ಕೆ ಮಾತ್ರ ಅಷ್ಟು ನೀಟಾಗಿರೋದೇ ಯಾಕೋ ಕಿರಿಕಿರಿ ಅನ್ಸಿತು. ಎಂಡೂ ಮೊಕ್ತಾರನ ಆಫ್ರಿಕ್ ವಿಕ್ಟಿಮ್ (2021) ಹಾಗಲ್ಲ, ಟೈಟಲ್ ಹಾಡು ಏಳು ನಿಮಿಷ ಮೀರುತ್ತೆ, ಹೋಗ್ತಾ ಹೋಗ್ತಾ ಗಿಟಾರ್ ಕಂಟ್ರೋಲ್ ತಪ್ಪಿದ ಗಾಡಿ ಥರ ಆಗುತ್ತೆ, ಕೆಳಗಿನ ತಾಳ ಮಾತ್ರ ಬಿಟ್ಟುಕೊಡಲ್ಲ. ನನ್ನ ಓಟು ಇದಕ್ಕೇ. ಒಟ್ಟು ಲೆಕ್ಕ: ಕೇಳಿದ್ದು ನಲವತ್ತರ ಹತ್ರ, ಉಳಿದಿದ್ದು ಮೂರು.

ಎರಡನೇ ತಿಂಗಳು ಕಾಂಪಿಲೇಶನ್, ಅಂದ್ರೆ ಬೇರೆ ಬೇರೆಯವರ ಹಾಡು ಒಬ್ಬರು ಆರಿಸಿ ಕೊಟ್ಟಿರೋ ಆಲ್ಬಮ್‌ಗಳು. ಇದು ಹಳೇ ಕಾಲದ ದಾರಿ, ನಾನು ಇದರ ಮೇಲೆ ಏನೂ ನಿರೀಕ್ಷೆ ಇಟ್ಟಿರ್ಲಿಲ್ಲ, ಮೊದಲನೇದು ಹಾಗೇ ಆಯ್ತು ಕೂಡ. ಕವರ್ ಮೇಲೆ ಆಫ್ರಿಕಾ ನಕ್ಷೆ, ಒಳಗೆ ಹದಿನೆಂಟು ಹಾಡು, ಯಾರು ನುಡಿಸಿದ್ದು, ಯಾವ ವರ್ಷ, ಯಾವ ಭಾಷೆ ಒಂದೂ ಇಲ್ಲ. ಅಷ್ಟು ದೊಡ್ಡ ಖಂಡವನ್ನ ಒಂದು ಚೀಲಕ್ಕೆ ತುಂಬಿ ಮೂತಿ ಕಟ್ಟಿದ ಹಾಗೆ.

ಆದ್ರೆ ಆರಿಸಿದವರಿಗೆ ಕಿವಿ ಇದ್ರೆ ಕಥೇನೇ ಬೇರೆ. ದಿ ಇಂಡಿಸ್ಟ್ರಕ್ಟಿಬಲ್ ಬೀಟ್ ಆಫ್ ಸೊವೆಟೊ (1985) ಹಾಕಿ, ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನರನ್ನ ಊರಾಚೆ ಇರಿಸಿದ್ದ ಟೌನ್‌ಶಿಪ್‌ಗಳ ಹಾಡು, ಮಹ್ಲಾತಿನಿ ಅನ್ನೋ ಮನುಷ್ಯನ ದನಿ ನೆಲಮಾಳಿಗೆಯಿಂದ ಬಂದ ಹಾಗೆ ಗುರುಗುಟ್ಟುತ್ತೆ, ಮೇಲೆ ಬೆಳ್ಳಿ ತಂತಿ ಥರ ಗಿಟಾರು, ಕೆಳಗೆ ಬೇಸ್ ಕುಣೀತಾ ಇರುತ್ತೆ. ಮುಂದಿನ ವರ್ಷ 1986ರಲ್ಲಿ ಅಮೆರಿಕದ ಹಾಡುಗಾರ ಪಾಲ್ ಸೈಮನ್ ಅಲ್ಲಿಯ ವಾದ್ಯಗಾರರನ್ನ ಇಟ್ಕೊಂಡು ಮಾಡಿದ ಗ್ರೇಸ್‌ಲ್ಯಾಂಡ್‌ನ ಜಗತ್ತೇ ಕೇಳ್ತಲ್ಲ, ಅದೂ ಶುರುವಾಗಿದ್ದು ಇಂಥದ್ದೇ ಒಂದು ಕಾಂಪಿಲೇಶನ್ ಕ್ಯಾಸೆಟ್ಟಿಂದ, ಗಂಬೂಟ್ಸ್ ಅಂತ ಹೆಸರು, ಅಕಾರ್ಡಿಯನ್ ಹಾಡುಗಳದ್ದು. ಎರಡನ್ನೂ ಒಂದೇ ದಿನ ಕೇಳಿದೆ. ಗ್ರೇಸ್‌ಲ್ಯಾಂಡ್ ಚೆನ್ನಾಗಿದೆ, ಬಕಿಥಿ ಕುಮಾಲೋನ ಬೇಸ್‌ಗೋಸ್ಕರ ಎಷ್ಟು ಸಲ ಬೇಕಾದ್ರೂ ಕೇಳ್ತೀನಿ, ಆದ್ರೆ ಸೊವೆಟೊ ಕೇಳಿ ಅದಕ್ಕೆ ಹೋದ್ರೆ ಮನೆಯವರೆಲ್ಲ ಹಿಂದೆ ನಿಂತು ಅತಿಥಿಯನ್ನ ಮುಂದೆ ಕೂರಿಸಿ ತೆಗೆದ ಫೋಟೋ ಥರ ಕಾಣುತ್ತೆ.

ಇನ್ನೊಂದು ಎಥಿಯೋಪಿಕ್ಸ್ ಸರಣಿ. ಫ್ರಾನ್ಸಿಸ್ ಫಾಲ್ಸೆಟೊ ಅನ್ನೋರು 90ರ ದಶಕದ ಕೊನೇಲಿ ಬುಡಾ ಮ್ಯೂಸಿಕ್ ಅನ್ನೋ ಫ್ರೆಂಚ್ ಕಂಪನಿಗೆ ಮಾಡೋಕೆ ಶುರು ಮಾಡಿದ್ದು, ಇಥಿಯೋಪಿಯಾದ ಹಳೇ ರೆಕಾರ್ಡಿಂಗ್‌ಗಳನ್ನ ಒಂದೊಂದೇ ಸಂಪುಟವಾಗಿ ಹೊರಗೆ ತಂದ್ರು. ನಾಲ್ಕನೇ ಸಂಪುಟ ಪೂರ್ತಿ ಮುಲಾಟು ಅಸ್ಟಾಟ್ಕೆ. ಈ ಮನುಷ್ಯ ಅಮೆರಿಕದ ಬರ್ಕ್ಲೀ ಸಂಗೀತ ಕಾಲೇಜಲ್ಲಿ ಕಲಿತು ಬಂದು ಜಾಝ್ ಮತ್ತೆ ಲ್ಯಾಟಿನ್ ತಾಳಗಳ ಮೇಲೆ ತಮ್ಮ ನಾಡಿನ ಐದು ಸ್ವರದ ಸ್ಕೇಲ್‌ಗಳನ್ನ ಕೂರಿಸಿದ. ಅವುಗಳಲ್ಲಿ ಟಿಜಿಟಾ ಅಂತ ಒಂದಿದೆ, ಅದರ ಮೇಜರ್ ರೂಪದ ಸ್ವರ ನೋಡಿದ್ರೆ ಸ ರಿ ಗ ಪ ಧ, ನಮ್ಮ ಮೋಹನದವೇ. ಆದ್ರೆ ಮೋಹನ ಕೇಳಿದ ಹಾಗೆ ಅನ್ಸೋದೇ ಇಲ್ಲ, ಅವರು ನಿಲ್ಲೋ ಜಾಗ ಬೇರೆ, ಜಾರೋ ಜಾಗ ಬೇರೆ. ಅದೇ ಐದು ಸ್ವರ ಇಟ್ಕೊಂಡು ಇಷ್ಟು ದೂರ ಹೋಗಬಹುದಾ ಅಂತ ಒಂದು ರಾತ್ರಿ ಪೂರ್ತಿ ಅದನ್ನೇ ಹಾಕ್ಕೊಂಡು ಕೂತಿದ್ದೆ.

ಮೂರನೇದು ಮ್ಯೂಸಿಕ್ ಫ್ರಮ್ ಸಹಾರನ್ ಸೆಲ್‌ಫೋನ್ಸ್. ಮರಳುಗಾಡಿನ ಊರುಗಳಲ್ಲಿ ಜನ ಬ್ಲೂಟೂತಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿಸ್ಕೊಳ್ತಿದ್ದ ಹಾಡುಗಳನ್ನ ಫೋನಿನ ಮೆಮೊರಿ ಕಾರ್ಡ್‌ಗಳಿಂದಲೇ ಆರಿಸಿ ಸಹೇಲ್ ಸೌಂಡ್ಸ್ ಅನ್ನೋ ಸಣ್ಣ ಲೇಬಲ್ ಮಾಡಿದ ಸಂಗ್ರಹ. ಮೊದಲನೇ ತಿಂಗಳಲ್ಲಿ ಸಿಕ್ಕಿದ್ದ ಅದೇ ಎಂಡೂ ಮೊಕ್ತಾರ್ ಹೊರಗಿನವರಿಗೆ ಗೊತ್ತಾಗಿದ್ದು ಇದರಿಂದ, ಅದೂ ಆಟೋಟ್ಯೂನ್ (ಶ್ರುತಿ ತಿದ್ದೋ ಸಾಫ್ಟ್‌ವೇರ್) ಹಾಕಿದ ದನಿ, ಡ್ರಮ್ ಮಶೀನ್! ನಾನು ಶುರೂಲೇ ಬೈದ್ನಲ್ಲ ಡ್ರಮ್ ಮಶೀನ್ ಅಂತ, ವಾಪಸ್ ತಗೋತೀನಿ. ಲೆಕ್ಕ: ಕೇಳಿದ್ದು ಒಂಬತ್ತು, ಉಳಿದಿದ್ದು ನಾಲ್ಕು.

ಮೂರನೇ ತಿಂಗಳು ಲೈವ್ ವಿಡಿಯೋ, ಸೆಷನ್ ವಿಡಿಯೋ ನೋಡಿ ಆಮೇಲೆ ಆಲ್ಬಮಿಗೆ ಹೋಗೋದು. ಇದರ ಬಗ್ಗೆ ಜಾಸ್ತಿ ಹೇಳೋಕಿಲ್ಲ, ಕಣ್ಣು ಕಿವಿಗೆ ಮೋಸ ಮಾಡುತ್ತೆ. ಮಂಗೋಲಿಯಾದ ದಿ ಹು ಬ್ಯಾಂಡ್ ನೋಡಿ, 2018ರ ವಿಡಿಯೋಗಳಲ್ಲಿ ಬೆಟ್ಟ, ಕುದುರೆ, ಬೈಕು, ಕೈಯಲ್ಲಿ ಕುದುರೆ ತಲೆ ಕೆತ್ತಿದ ಎರಡು ತಂತಿಯ ಮೊರಿನ್ ಖೂರ್, ಗಂಟಲೊಳಗಿಂದ ಬರೋ ಆ ಗೊಗ್ಗರು ದನಿ, ನಮ್ಮ ಮೋರ್ಸಿಂಗ್‌ನ ಅಣ್ಣನ ಥರದ್ದೊಂದು ವಾದ್ಯ ಬೇರೆ. ಮೈ ಜುಮ್ ಅಂತು. 2019ರ ಆಲ್ಬಮ್ ದಿ ಗೆರೆಗ್ ಕಣ್ಮುಚ್ಚಿ ಕೇಳಿದೆ, ಆರನೇ ಹಾಡಿಗೆ ಸುಸ್ತು, ಎಲ್ಲಾ ಒಂದೇ ಕವಾಯತು ನಡಿಗೆ. ಒಂದೊಂದೇ ಹಾಡು ಕೇಳಿದ್ರೆ ಈಗಲೂ ಇಷ್ಟ, ಪೂರ್ತಿ ಆಲ್ಬಮ್ ನನ್ನ ಕೈಲಾಗಲ್ಲ.

ಉಲ್ಟಾ ಆಗಿದ್ದು ಆಲ್ಟಿನ್ ಗುನ್ ಅವರದ್ದು. ಆಮ್‌ಸ್ಟರ್‌ಡ್ಯಾಮಿನ ಬ್ಯಾಂಡು, ಟರ್ಕಿಯ ಜಾನಪದ ಹಾಡುಗಳನ್ನ ಎಲೆಕ್ಟ್ರಿಕ್ ಸಾಝ್ (ಉದ್ದ ಕತ್ತಿನ ತಂತಿವಾದ್ಯ) ಇಟ್ಕೊಂಡು ಡಾನ್ಸ್ ಬೀಟಲ್ಲಿ ನುಡಿಸ್ತಾರೆ. ವಿಡಿಯೋ ಸಾಧಾರಣ, ಸುಮ್ನೆ ನಿಂತು ನುಡಿಸ್ತಾರೆ ಅಷ್ಟೇ, ಗೆಜೆ (2019) ಆಲ್ಬಮ್ ಮಾತ್ರ ಹಾಕಿದ್ರೆ ಕಾಲು ಸುಮ್ನಿರಲ್ಲ. ಅಲ್ಲಿಂದ ಹಿಂದಕ್ಕೆ ಹೋಗಿ ಸೆಲ್ಡಾ ಬಾಜಾನ್ ಅವರ 1976ರ ಆಲ್ಬಮ್ ಕೇಳಿದೆ, ಆಗಲೇ ಈ ಕೆಲಸ ಮಾಡಿ ಮುಗಿಸಿದ್ದಾರೆ ಪುಣ್ಯಾತ್ಗಿತ್ತಿ, ಸಿಟ್ಟು ಬೇರೆ ಸೇರಿಸಿ. ವಿಡಿಯೋ ನಿಜವಾಗ್ಲೂ ಕೆಲಸಕ್ಕೆ ಬಂದಿದ್ದು ಕಾಂಗೋದ ಕೊನೋನೋ ನಂಬರ್ 1 ಅವರ ವಿಷಯಕ್ಕೆ. ಅವರ ಕಾಂಗೊಟ್ರಾನಿಕ್ಸ್ ಕೇಳಿ ಇದೇನು ಸ್ಪೀಕರ್ ಹರಿದೋಯ್ತಾ ಅಂದ್ಕೊಂಡಿದ್ದೆ, ನೋಡಿದ್ರೆ ಅವರು ಹೆಬ್ಬೆರಳಲ್ಲಿ ಮೀಟೋ ಲಿಕೆಂಬೆಗೆ ಹಳೇ ಕಾರಿನ ಬಿಡಿಭಾಗಗಳ ಮ್ಯಾಗ್ನೆಟ್ಟಿಂದ ಸದ್ದು ಸ್ಪೀಕರಿಗೆ ಕಳಿಸೋ ಪಿಕಪ್ ಮಾಡ್ಕೊಂಡಿದ್ದಾರೆ, ಆ ಹರಿದ ಸೌಂಡೇ ಅವರ ಸೌಂಡು. ಲೆಕ್ಕ: ಹದಿನೈದಕ್ಕೆ ಮೂರು.

ನಾಲ್ಕನೇ ದಾರಿ ಹೆಸರು ಹಿಡ್ಕೊಂಡು ಹೋಗೋದು. ಇಷ್ಟ ಆದ ಒಂದು ಆಲ್ಬಮ್ ತಗೊಳ್ಳಿ, ಅದರಲ್ಲಿ ಯಾರು ಯಾರು ನುಡಿಸಿದ್ದಾರೆ ನೋಡಿ, ಒಬ್ಬರನ್ನ ಹಿಡಿದು ಅವರ ಮುಂದಿನ ಆಲ್ಬಮಿಗೆ ಹೋಗಿ. ಆ್ಯಪಲ್ಲಿ ಈ ಹೆಸರುಗಳೇ ಸರಿಯಾಗಿರಲ್ಲ, ಹಾಡು ಬರೆದವರದ್ದು ಬಿಟ್ರೆ ಉಳಿದವರು ಮಂಗಮಾಯ, ರೆಕಾರ್ಡ್‌ಗಳ ವಿವರ ಸಿಗೋ ಡಿಸ್ಕಾಗ್ಸ್ ಸೈಟಲ್ಲಿ ಸಿಡಿ ಹಿಂಬದಿಯ ಫೋಟೋ ತೆಗೆದು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದ್ಬೇಕು, ಇರುವೆ ಸಾಲಿನಷ್ಟು ಸಣ್ಣ ಅಕ್ಷರ.

ನಾನು ಶುರು ಮಾಡಿದ್ದು ಟಾಕಿಂಗ್ ಟಿಂಬಕ್ಟು (1994) ಇಂದ. ಮಾಲಿ ದೇಶದ ಅಲಿ ಫರ್ಕಾ ಟೂರೆ, ಅಮೆರಿಕದ ರೈ ಕೂಡರ್ ಇಬ್ಬರ ಗಿಟಾರು. ಎಲ್ಲರೂ ಆ ಗಿಟಾರ್ ಬಗ್ಗೇನೇ ಮಾತಾಡ್ತಾರೆ, ನೀವು ಒಂದ್ಸಲ ಹಿಂದಿನ ಸದ್ದಿಗೆ ಕಿವಿ ಕೊಡಿ, ಒಣ ಸೋರೆ ಬುರುಡೆಯನ್ನ ಅರ್ಧ ಸೀಳಿ ಬೋರಲು ಹಾಕಿ ಬಡಿಯೋದು, ಕ್ಯಾಲಬ್ಯಾಶ್ ಅಂತಾರೆ, ಧಪ್ ಅಂತ ಒಂದು ಪೆಟ್ಟು, ಆಮೇಲೆ ಬೆರಳಿನ ಟಕಟಕ. ಅದು ಹಮ್ಮಾ ಸಂಕಾರೆ. ಅದಿಲ್ಲದೇ ಹೋಗಿದ್ರೆ ಆ ಎರಡು ಗಿಟಾರು ಗಾಳೀಲಿ ತೇಲ್ತಾ ಇರ್ತಿದ್ವು.

ರೈ ಕೂಡರ್ ಹೆಸರು ಹಿಡಿದು ಹೋದ್ರೆ ಬ್ಯೂನಾ ವಿಸ್ಟಾ ಸೋಶಿಯಲ್ ಕ್ಲಬ್ (1997), ಅದೇ ವರ್ಲ್ಡ್ ಸರ್ಕಿಟ್ ಲೇಬಲ್. ಇದರ ಕಥೆ ಗೊತ್ತಲ್ಲ? 1996ರಲ್ಲಿ ಹವಾನಾದಲ್ಲಿ ಮಾಡ್ಬೇಕು ಅಂತಿದ್ದಿದ್ದೇ ಬೇರೆ, ಮಾಲಿಯ ವಾದ್ಯಗಾರರು ಕ್ಯೂಬಾಕ್ಕೆ ಬಂದು ಅಲ್ಲಿಯವರ ಜೊತೆ ನುಡಿಸೋದು ಅಂತ ಪ್ಲಾನು. ಮಾಲಿಯವರು ಬರೋಕಾಗ್ಲಿಲ್ಲ. ಸ್ಟುಡಿಯೋ ಬುಕ್ ಆಗಿದೆ, ಇನ್ನೇನು ಮಾಡೋದು, ಊರಲ್ಲಿದ್ದ ಹಳೇ ಹಾಡುಗಾರರನ್ನ ಹುಡುಕಿ ತಂದ್ರು, ಜಗತ್ತೇ ಹಾಡ್ಕೊಂಡು ತಿರುಗೋ ಆಲ್ಬಮ್ ಆಯ್ತು. ಹಳೇ ಪ್ಲಾನು ಕೈಗೂಡಿದ್ದು 2010ರಲ್ಲಿ, ಆಫ್ರೋಕ್ಯೂಬಿಸಂ ಅಂತ, ಅದರಲ್ಲಿ ತೂಮಾನಿ ಜಬಾತೆ ಕೋರಾ ನುಡಿಸಿದ್ದಾರೆ. ನಾನು ಈ ತೂಮಾನಿ ಹೆಸರು ಹಿಡ್ಕೊಂಡೆ ನೋಡಿ, ಅಲ್ಲಿಗೆ ಆ ತಿಂಗಳು ಮುಗೀತು.

ಕೋರಾಗೆ 21 ತಂತಿ, ಅದೂ ಸೋರೆ ಬುರುಡೇನೇ, ಮೇಲೆ ಚರ್ಮ ಬಿಗಿದಿರ್ತಾರೆ. ತೂಮಾನಿ ನುಡಿಸೋದು ಕೇಳಿದ್ರೆ ಮೂರು ಜನ ಕೂತಿದ್ದಾರೆ ಅನ್ಸುತ್ತೆ, ಕೆಳಗೆ ಬೇಸ್ ಬೇರೆ, ನಡುವೆ ತಾಳ ಬೇರೆ, ಮೇಲೆ ಸುರಿಯೋದು ಬೇರೆ. ಅವರದ್ದೇ ಸೊಂಗೈ (1988), ಸ್ಪೇನಿನ ಫ್ಲಮೆಂಕೊ ಬ್ಯಾಂಡ್ ಕೆಟಾಮಾ ಜೊತೆ, ಡಬಲ್ ಬೇಸಲ್ಲಿ ಇಂಗ್ಲೆಂಡಿನ ಡ್ಯಾನಿ ಥಾಂಪ್ಸನ್. ಇದನ್ನ ಆಫ್ರೋಕ್ಯೂಬಿಸಂ ಪಕ್ಕ ಇಟ್ಟು ಕೇಳಿ. ಆಫ್ರೋಕ್ಯೂಬಿಸಂ ಅಲ್ಲಿ ಘಟಾನುಘಟಿಗಳು, ಎಲ್ಲರೂ ಎಷ್ಟು ಸಭ್ಯರು ಅಂದ್ರೆ ಒಬ್ಬರಿಗೊಬ್ಬರು ನೀವು ಮೊದಲು ನೀವು ಮೊದಲು ಅಂತ ದಾರಿ ಬಿಡೋದ್ರಲ್ಲೇ ಹಾಡು ಮುಗಿದೋಗುತ್ತೆ. ಸೊಂಗೈ ಅಲ್ಲಿ ಹಾಗಿಲ್ಲ, ಗಿಟಾರ್ ಒಂದು ಎಸೆಯುತ್ತೆ, ಕೋರಾ ಹಿಡಿದು ಎರಡು ವಾಪಸ್ ಎಸೆಯುತ್ತೆ, ಚಪ್ಪಾಳೆಯವರು ನಡುವೆ ಕಡ್ಡಿ ಆಡಿಸ್ತಾರೆ. ಬೆರೆಸೋದು ಅಂದ್ರೆ ನಂಗೆ ಇದು. ಅಲಿ ಫರ್ಕಾ, ತೂಮಾನಿ ಇಬ್ಬರೂ ಕೂತು ಮಾಡಿದ ಇನ್ ದಿ ಹಾರ್ಟ್ ಆಫ್ ದಿ ಮೂನ್ (2005) ಕೂಡ ಸಿಕ್ತು, ಬೆರಕೆ ಏನಿಲ್ಲ ಅದರಲ್ಲಿ, ನನ್ನ ರೂಲ್ಸಿಗೆ ಹೊರಗಿಂದು, ಆದ್ರೂ ಅತಿ ಹೆಚ್ಚು ಸಲ ಕೇಳಿದ್ದು ಅದನ್ನೇ.

ಈ ದಾರೀಲೂ ತೊಂದ್ರೆ ಇದೆ, ಇಲ್ಲ ಅನ್ನಲ್ಲ. ಸುತ್ತಿ ಸುತ್ತಿ ಅದೇ ಎರಡು ದೇಶ, ಅದೇ ಲೇಬಲ್ಲು, ತಿಂಗಳಿಡೀ ಒಬ್ಬ ಹೆಂಗಸಿನ ಆಲ್ಬಮ್ ಕೂಡ ನನ್ನ ದಾರಿಗೆ ಬರ್ಲಿಲ್ಲ. ಸೆಲ್ಡಾ ಸಿಕ್ಕಿದ್ದು ವಿಡಿಯೋ ತಿಂಗಳಲ್ಲೇ ಅಲ್ವಾ. ಆದ್ರೆ ಹನ್ನೊಂದು ಕೇಳಿ ಏಳು ಉಳಿಸ್ಕೊಂಡೆ, ಬೇರೆ ಯಾವ ದಾರೀಲೂ ಅರ್ಧ ದಾಟಿಲ್ಲ. ಏನೂ ಗೊತ್ತಿಲ್ಲದೇ ಶುರು ಮಾಡೋರಾದ್ರೆ ಒಳ್ಳೇ ಕಾಂಪಿಲೇಶನ್ ಒಂದು ತಗೊಂಡು ಅದರಿಂದ ಒಂದು ಹೆಸರು ಎತ್ಕೊಳ್ಳಿ, ಅಲ್ಲಿಂದಾಚೆ ನಾಲ್ಕನೇ ದಾರಿ ಹಿಡೀರಿ. ನೀವು ಕೆಲಸ ಮಾಡ್ತಾ ಇರುವಾಗ ಆ್ಯಪು ಹಿಂದೆ ಓಡ್ತಿರಲಿ, ಅಷ್ಟಕ್ಕೆ ಸಾಕು.

ನಾನೀಗ ಡ್ಯಾನಿ ಥಾಂಪ್ಸನ್ ಹಿಂದೆ ಬಿದ್ದಿದೀನಿ. 60ರ ದಶಕದ ಕೊನೇಲಿ ಪೆಂಟ್ಯಾಂಗಲ್ ಅನ್ನೋ ಬ್ಯಾಂಡಲ್ಲಿದ್ದ, ಇಂಗ್ಲೆಂಡಿನ ಹಳೇ ಜಾನಪದ ಹಾಡಿಗೆ ಜಾಝು ಬ್ಲೂಸು ಬೆರೆಸಿ ನುಡಿಸ್ತಿದ್ರು, ಮಾಲಿಯವರು ಮಾಡಿದ್ದೂ ಇದೇ ಕೆಲಸ, ಆದ್ರೆ ಇದನ್ನ ಯಾರೂ ಆ ವರ್ಲ್ಡ್ ಮ್ಯೂಸಿಕ್ ಕಪಾಟಲ್ಲಿ ಇಟ್ಟಿಲ್ಲ. ಒಂದ್ಸಲ ಆಗಿದೆ, ರೂಲ್ಸ್ ಪ್ರಕಾರ ಇವತ್ತು ರಾತ್ರಿ ಎರಡನೇ ಸಲ.