ಯಾರೂ ಇಲ್ಲದ ಊರಲ್ಲಿ ಹತ್ತು ನಿಮಿಷ: ಮೂರು ಗೇಮ್‌ಗಳ ಹೋಲಿಕೆ

ಗೇಮ್ ಆಡುತ್ತಾ ಆಡುತ್ತಾ ನಡುವೆ ಸುಮ್ನೆ ನಿಂತುಬಿಡುವುದು ನನ್ನ ಹಳೇ ಚಟ. ಕೆಲವು ಜಾಗಗಳಲ್ಲಿ ಹಾಗೆ ನಿಂತರೆ ಯಾಕೋ ಮನಸ್ಸು ಭಾರವಾಗುತ್ತದೆ. ಅಂಥ ಮೂರು ಜಾಗಗಳಿಗೆ ಈ ಸಲ ಬೇಕೆಂದೇ ಹೋಗಿ ಬಂದೆ. ಎಲ್ಲಿ ಒಂಟಿತನ ಹೆಚ್ಚು ಕಾಡುತ್ತದೆ ಎಂದು ನೋಡಬೇಕಿತ್ತು. ಪರೀಕ್ಷೆ ಒಂದೇ: ರಾತ್ರಿ ಹನ್ನೊಂದರ ಮೇಲೆ ಹೆಡ್‌ಫೋನ್ ಹಾಕಿ, ಕಂಟ್ರೋಲರ್ ಕೆಳಗಿಟ್ಟು, ಹತ್ತು ನಿಮಿಷ ಏನೂ ಮಾಡದೆ ಕೂರುವುದು.

ಮೊದಲು 'ಹಾಲೋ ನೈಟ್' (2017). ಅದರ ಸಿಟಿ ಆಫ್ ಟಿಯರ್ಸ್ ನೆಲದಡಿಯ ಊರು, ಆದರೂ ಮಳೆ ನಿಲ್ಲುವುದೇ ಇಲ್ಲ. ಊರಿನ ನೆತ್ತಿಯ ಮೇಲೆ ಒಂದು ಸರೋವರವಿದೆ, ಅದು ಸೋರುತ್ತಿದೆ. ಕಟ್ಟಡದೊಳಗೆ ಹೊಕ್ಕರೆ ಮಳೆಯ ಸದ್ದು ತಗ್ಗುತ್ತದೆ. ದೊಡ್ಡ ಕಿಟಕಿಯ ಮುಂದೆ ಒಂದು ಬೆಂಚು. ಅಲ್ಲಿ ಕ್ವಿರೆಲ್ ಎಂಬ ಅಲೆಮಾರಿ ಕೂತು ಮಳೆ ನೋಡುತ್ತಿರುತ್ತಾನೆ. ನಾನೂ ಪಕ್ಕದಲ್ಲಿ ಕೂತೆ. ಕ್ರಿಸ್ಟೋಫರ್ ಲಾರ್ಕಿನ್ ಅವರ ಸಂಗೀತ ಕೇಳುತ್ತಾ ಹತ್ತು ನಿಮಿಷ ಹೋಗಿದ್ದೇ ಗೊತ್ತಾಗಲಿಲ್ಲ. ನಿಜ ಹೇಳಬೇಕೆಂದರೆ ಇಲ್ಲಿ ಬೇಸರಕ್ಕಿಂತ ಹಿತವೇ ಜಾಸ್ತಿ. ಅಳುವವರ ಜೊತೆ ಕೂತು ಅತ್ತ ಹಾಗೆ. (ಕಥೆ ಗೊತ್ತಾಗಬಾರದು ಎನ್ನುವವರು ಮುಂದಿನ ಪ್ಯಾರಾಕ್ಕೆ ಹಾರಿ.) ಕೊನೆಯ ಹೊತ್ತಿಗೆ ಅದೇ ಸರೋವರದ ದಡದಲ್ಲಿ ಕ್ವಿರೆಲ್ ಮತ್ತೆ ಸಿಗುತ್ತಾನೆ. ಮಾತಾಡಿಸಿ ಹೋಗಿ, ಇನ್ನೊಮ್ಮೆ ಬಂದರೆ ಅವನಿಲ್ಲ. ಅವನ ಕತ್ತಿ ಮಾತ್ರ ನೆಲದಲ್ಲಿ ನೆಟ್ಟಿರುತ್ತದೆ. ಊರಿಗಿಂತ ನನ್ನನ್ನು ಹೆಚ್ಚು ಕಲಕಿದ್ದು ಆ ದಡ.

ಎರಡನೆಯದು 'ಶ್ಯಾಡೋ ಆಫ್ ದಿ ಕೊಲೋಸಸ್'. ಮೂಲ 2005ರದ್ದು, ನಾನು ಆಡಿದ್ದು 2018ರಲ್ಲಿ ಹೊಸದಾಗಿ ಮಾಡಿದ್ದು. ಇಡೀ ಸೀಮೆಯಲ್ಲಿ ಒಂದು ಹಳ್ಳಿಯಿಲ್ಲ, ದಾರಿ ಕೇಳಲು ಒಬ್ಬರಿಲ್ಲ. 16 ದೈತ್ಯರು, ಒಂದಿಷ್ಟು ಹಲ್ಲಿ, ಹಕ್ಕಿ, ಅಷ್ಟೇ. ಬಿಸಿಲಿಗೆ ಕತ್ತಿ ಎತ್ತಿದರೆ ಬೆಳಕು ದಾರಿ ತೋರಿಸುತ್ತದೆ. ಕುದುರೆ ಓಡಿಸುವಾಗ ಸಂಗೀತವೇ ಇಲ್ಲ, ಗಾಳಿ ಮತ್ತು ಗೊರಸಿನ ಸದ್ದು ಮಾತ್ರ. ದೈತ್ಯ ಉರುಳಿದಾಗ ಕೇಳುವುದು ಗೆಲುವಿನ ನಗಾರಿಯಲ್ಲ, ಶೋಕದ ಸಂಗೀತ. ಗೆದ್ದ ಖುಷಿ ಅಲ್ಲೇ ಇಂಗಿಹೋಗುತ್ತದೆ. ಆದರೆ ಕುದುರೆ ಅಗ್ರೋ ಇದ್ದಾನಲ್ಲ! ಕರೆದರೆ ಬರುತ್ತಾನೆ. ಕರೆದರೆ ಬರುವ ಜೀವ ಒಂದಿದ್ದರೆ ಅದು ಒಂಟಿತನ ಹೇಗಾಗುತ್ತದೆ?

ಮೂರನೆಯದನ್ನು ಕೇಳಿದರೆ ನಗುತ್ತೀರಿ. 'ಸೂಪರ್ ಮಾರಿಯೋ 64', 1996ರ ಲವಲವಿಕೆಯ ಆಟ. ಅದರ ವೆಟ್-ಡ್ರೈ ವರ್ಲ್ಡ್ ಎಂಬ ಹಂತ. ಗೋಡೆಯ ಮೇಲಿನ ಚಿತ್ರಪಟದೊಳಗೆ ಹಾರಿಯೇ ಈ ಹಂತಕ್ಕೆ ಹೋಗಬೇಕು. ಎಷ್ಟು ಎತ್ತರದಿಂದ ಹಾರುತ್ತೀರೋ, ಒಳಗೆ ನೀರು ಅಷ್ಟು ಎತ್ತರ ನಿಂತಿರುತ್ತದೆ. ಹರಳುಗಳನ್ನು ಮುಟ್ಟಿ ನೀರನ್ನು ಏರಿಸಬಹುದು, ಇಳಿಸಬಹುದು. ನೀರೊಳಗಿನ ಒಂದು ಸುರಂಗದಲ್ಲಿ ಈಜಿ ಆಚೆ ಎದ್ದರೆ, ಅಲ್ಲೊಂದು ಊರು. ನೀರು ಇಳಿಸಿ ಬೀದಿಯಲ್ಲಿ ನಡೆದೆ. ಒಂದು ಮನೆಯ ಗೋಡೆಗೆ ಒತ್ತಿಕೊಂಡು ಸುತ್ತು ಹಾಕಿದೆ. ಕಿಟಕಿಗಳೆಲ್ಲ ಬರೀ ಬಣ್ಣ, ಒಳಗೆ ಹೋಗುವಂತಿಲ್ಲ. ಸಂಗೀತವೂ ಈ ಊರಿನದಲ್ಲ, ಬೇರೆ ಹಂತದ ಗುಹೆಗೆ ಹಾಕಿದ್ದನ್ನೇ ಇಲ್ಲಿಗೂ ಹಾಕಿದ್ದಾರೆ.

ಹಾಸನದ ಶೆಟ್ಟಿಹಳ್ಳಿ ಚರ್ಚ್ ನೆನಪಾಯಿತು. ಅದೂ ಹೀಗೇ ಹೇಮಾವತಿ ಹಿನ್ನೀರಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ಆದರೆ ಅಲ್ಲಿನ ಜನ ಗೊರೂರು ಅಣೆಕಟ್ಟಿಗಾಗಿ ಊರು ಬಿಟ್ಟವರು ಎಂದು ಗೊತ್ತು, ಅದಕ್ಕೊಂದು ಕಥೆಯಿದೆ. ಮಾರಿಯೋನ ಊರಿಗೆ ಅದೂ ಇಲ್ಲ. ಯಾರು ಇದ್ದರು, ಯಾಕೆ ಹೋದರು, ಆಟ ಒಂದು ಮಾತೂ ಆಡುವುದಿಲ್ಲ. ಇಲ್ಲಿ ನಿಮಗೆ ಕೊಡುವುದು ಎಂಟು ಕೆಂಪು ನಾಣ್ಯ ಹೆಕ್ಕುವಂಥ ಕೆಲಸ, ಅಷ್ಟೇ. ಉಳಿದೆರಡು ಗೇಮ್‌ಗಳಿಗೆ ನನ್ನ ಬೇಸರ ಗೊತ್ತು, ಬೆನ್ನು ಸವರುತ್ತವೆ. ಇದಕ್ಕೆ ಗೊತ್ತೇ ಇಲ್ಲ. ಅದಕ್ಕೇ ನನ್ನ ಲೆಕ್ಕದಲ್ಲಿ ಒಂಟಿತನದಲ್ಲಿ ಮೊದಲನೇ ಸ್ಥಾನ ಇದಕ್ಕೆ. ಮಳೆ ಬರುವ ರಾತ್ರಿಗೆ ಹಾಲೋ ನೈಟ್ ಸಾಕು, ಇದನ್ನು ಮಾತ್ರ ಹಗಲಲ್ಲಿ ಆಡಿ.

ಇಲ್ಲೂ ಕಂಟ್ರೋಲರ್ ಕೆಳಗಿಟ್ಟೆ. ಸ್ವಲ್ಪ ಹೊತ್ತಿಗೆ ಮಾರಿಯೋ ಆಕಳಿಸಿದ. ಕೂತ. ಆಮೇಲೆ ಆ ಖಾಲಿ ಬೀದಿಯಲ್ಲೇ ಕಾಲು ಚಾಚಿ ಮಲಗಿ, ನಿದ್ದೆಗಣ್ಣಲ್ಲಿ ಸ್ಪಗೆಟಿ, ರವಿಯೋಲಿ ಎಂದು ಬಡಬಡಿಸತೊಡಗಿದ.